ಕೆಂಪು ರಿಬ್ಬನ್ ಬಿಚ್ಚಿದವಳು

ದೋನ್ ರಾಮಿರೊ ಅವರಿಗೆ, ಚಿಪ್ಪಿ ಹೆಕ್ಕುವ ಸೆನೈದಾ ಕೈಸೆದೊ ಬರೆದದ್ದು.

ನಾನು ಮೂರನೇ ತರಗತಿಗೇ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳಿ. ನಿಮ್ಮ ಪರಿಸರ ಸಂಸ್ಥೆಯಿಂದ ತರಬೇತಿಗೆಂದು ಬಂದು ನನ್ನ ಮನೆಯಲ್ಲಿ ಉಳಿದಿರುವ ದಯಾನಾ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರಗಳಿಗೆ ಕಟ್ಟಿದ್ದ ನಂಬರಿನ ರಿಬ್ಬನ್‌ಗಳನ್ನು ಉಬ್ಬರದ ನೀರು ಎಳೆದೊಯ್ದಿತು ಎಂದು ನಿಮಗೆ ಬರೆದಿದ್ದಾಳೆ. ಅದು ಸುಳ್ಳು. ನಲವತ್ತನ್ನೂ ಬಿಚ್ಚಿದವಳು ನಾನು.

ಇಪ್ಪತ್ತು ವರ್ಷದ ಹಿಂದೆ ಸಿಗಡಿ ಸಾಕಲು ಹೊಂಡ ತೋಡಿದವರೂ ಇಂಥದೇ ಕೆಂಪು ರಿಬ್ಬನ್ ಕಟ್ಟಿದ್ದರು. ಕಟ್ಟಿದ ಮರವೆಲ್ಲ ವಾರದೊಳಗೆ ನೆಲಕ್ಕುರುಳಿತು. ಈಗ ನಾವು ಹೆಂಗಸರು ಚಿಪ್ಪಿ ಹೆಕ್ಕಲು ಉಳಿದಿರುವುದು ಈ ಒಂದು ತುಂಡು ಕೆಸರು.

"ಅಜ್ಜೀ, ಇದು ಕಡಿಯೋಕಲ್ಲ, ಮರ ಎಷ್ಟು ಬೆಳೀತು ಅಂತ ಅಳೆಯೋಕೆ!" ಎಂದು ಹುಡುಗಿ ಅತ್ತಳು.

"ಅವರೂ ಅಳೆಯೋಕೇ ಬಂದಿದ್ರು ಕಣೇ. ಅವರ ಬೂಟು ನಿನ್ನದಕ್ಕಿಂತ ಚೆನ್ನಾಗಿತ್ತು," ಎಂದೆ.

ಅವಳ ಮೂರು ತಿಂಗಳ ಕೆಲಸ ಹಾಳಾಯಿತಂತೆ. ಆದರೂ ನಿಮಗೆ ನನ್ನ ಹೆಸರು ಹೇಳಲಿಲ್ಲ. ನನಗಾಗಿ ನಿಮಗೆ ಸುಳ್ಳು ಬರೆದವಳು, ನಿಮಗಾಗಿ ನನಗೆ ಸುಳ್ಳು ಹೇಳುವುದಿಲ್ಲ ಎಂದು ಹೇಗೆ ನಂಬಲಿ?

ಅವಳನ್ನು ವಾಪಸ್ ಕರೆಸಬೇಡಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಹನ್ನೆರಡನೇ ವಯಸ್ಸಿನಿಂದ ಆ ಬೇರುಗಳ ನಡುವೆ ತೆವಳಿದ್ದೇನೆ, ಯಾವ ಮರಕ್ಕೆ ಯಾವ ನಂಬರು ಇತ್ತೆಂದು ನಾನೇ ತೋರಿಸುತ್ತೇನೆ. ನೀಲಿ ರಿಬ್ಬನ್ ಕಳಿಸಿ. ಜೊತೆಗೆ, ಒಂದು ಮರವನ್ನೂ ಕಡಿಯುವುದಿಲ್ಲ ಎಂದು ನೀವೇ ಸಹಿ ಮಾಡಿದ ಕಾಗದವನ್ನೂ ಕಳಿಸಿ.

ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದನ್ನು ದಯಾನಾ ಓದಿ ಹೇಳುವುದು ಬೇಡ, ಎಷ್ಟು ದಿನ ಹಿಡಿದರೂ ನಾನೇ ಓದಿಕೊಳ್ಳುತ್ತೇನೆ.

ಕೆಸರು ಕೈಯಲ್ಲೇ,
ಸೆನೈದಾ