ಬಿಸ್ಕತ್ ಡಬ್ಬಿಯ ಮಾತ್ರೆ

ಮನೆಯಿಂದ,
ಮಾರ್ಚ್ ೯, ಶನಿವಾರ

ಪ್ರೀತಿಯ ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಹೇಗಿದ್ದೀಯಪ್ಪ? ತಂಗಿಯ ಸೊಂಟನೋವು ಇಳಿಯಿತೇ? ಗುಂಡನ ಕೆಮ್ಮು ಏನಾಯಿತು? ಪುಟ್ಟಿ ಹೊಸ ಕನ್ನಡಕ ಹಾಕಿಕೊಳ್ಳುತ್ತಾಳೋ, ಎಲ್ಲೆಂದರಲ್ಲಿ ಬಿಟ್ಟು ಹುಡುಕುತ್ತಾಳೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಕೂತೆ, ಆದರೆ ನಿನ್ನೆ ನಡೆದದ್ದನ್ನು ಹೇಳದೆ ಇರಲಾರೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಿನ್ನ ಹಳೇ ಪಾಠಪುಸ್ತಕ ನೋಡಿ ಬರೆಯಲು ಕಲಿತವಳಲ್ಲವೇ ನಾನು. ಫೋನ್ ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ.

ಜ್ವರದ ಸೋಂಕು ನಿನ್ನ ಅಣ್ಣನ ಹೃದಯದ ಕವಾಟಕ್ಕೆ ಇಳಿದು ಆಸ್ಪತ್ರೆ ಸೇರಿದ್ದು ನಿನಗೆ ಗೊತ್ತು. ಪಕ್ಕದ ಮಂಚದಲ್ಲಿ ಅದೇ ಕಾಯಿಲೆಯ ಟೈಲರ್ ಒಬ್ಬರಿದ್ದರು. ಇವರು ಅವರನ್ನು ‘ಕತ್ತರಿ’ ಅನ್ನುವುದು, ಅವರು ಇವರನ್ನು ‘ಡ್ರೈವರ್’ ಅನ್ನುವುದು. ಪೇಪರ್ ಬಂದರೆ ಒಬ್ಬರಿಗೆ ಹೊರಗಿನ ಹಾಳೆ, ಇನ್ನೊಬ್ಬರಿಗೆ ಒಳಗಿನದು. ಟೀ ಒಂದು ಲೋಟ, ಪಾಲು ಎರಡು. ಇಂಜೆಕ್ಷನ್ ಎಲ್ಲ ಮುಗಿದು ಮನೆಗೆ ಕಳಿಸುವಾಗ ಡಾಕ್ಟರಮ್ಮ ತಮ್ಮ ಸಂಶೋಧನೆಗೆ ಸೇರುತ್ತೀರಾ ಅಂತ ಕೇಳಿದರು. ಸೋಂಕು ಮರುಕಳಿಸದಂತೆ ತಡೆಯಬಹುದಾದ ಹೊಸ ಮಾತ್ರೆಯಂತೆ. ಅರ್ಧ ಜನಕ್ಕೆ ಅಸಲಿ, ಉಳಿದರ್ಧಕ್ಕೆ ನೋಡಲು ಹಾಗೇ ಇದ್ದು ಒಳಗೆ ಔಷಧವೇ ಇಲ್ಲದ್ದು. ಯಾರಿಗೆ ಯಾವುದು ಅಂತ ನನಗೂ ತಿಳಿಯೋದಿಲ್ಲ ಅಂದರು. ಇಬ್ಬರೂ ಒಪ್ಪಿಕೊಂಡರು.

ಮೊನ್ನೆ ಕತ್ತರಿಗೆ ಮತ್ತೆ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ನಿನ್ನೆ ನಾವು ನೋಡಲು ಹೋದೆವು. ಡಾಕ್ಟರಮ್ಮ ಕತ್ತರಿಯ ಮಾತ್ರೆ ಸೀಸೆ ಎಲ್ಲಿ ಅಂತ ಕೇಳಿದರೆ, ನಿನ್ನ ಅಣ್ಣ ಚೀಲದಿಂದ ನಮ್ಮ ಮನೆಯ ಬಿಸ್ಕತ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಇಬ್ಬರದ್ದೂ ಇದರಲ್ಲೇ ಇದೆ ಮೇಡಂ. ಅರ್ಧ ಜನಕ್ಕೆ ಅಂದಮೇಲೆ ನಮ್ಮಿಬ್ಬರಲ್ಲಿ ಒಬ್ಬನಿಗೆ ಅಸಲಿ ಬಂದೇ ಬಂದಿರುತ್ತೆ. ಒಬ್ಬನಿಗೆ ಸಿಕ್ಕಿ ಇನ್ನೊಬ್ಬನಿಗೆ ತಪ್ಪೋದು ಯಾಕೆ ಅಂತ ಎರಡೂ ಸೀಸೆ ಸುರಿದು, ಕುಲುಕಿ, ಇಸ್ಪೀಟ್ ಹಂಚಿದ ಹಾಗೆ ಹಂಚಿಕೊಂಡ್ವಿ” ಅಂದರು. ಕತ್ತರಿ ವಾರವಾರ ಮನೆಗೆ ಬರುತ್ತಿದ್ದದ್ದು ಹರಟೆಗೆ ಅಂತಲೇ ತಿಳಿದಿದ್ದೆ. ಡಬ್ಬಿ ಕುಲುಕುವ ಸದ್ದು ಕೇಳಿ, ಬಿಸ್ಕತ್ ಮುಗಿಯಿತೇನೋ ಅಂತ ಹೊಸ ಪೊಟ್ಟಣ ತಂದಿಟ್ಟವಳು ನಾನು.

ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಎಳೆದು ಕೂತು ಡಬ್ಬಿಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಇಂಥ ಔಷಧ ಅರ್ಧಂಬರ್ಧ ತಗೊಂಡರೆ ರೋಗಾಣು ಸಾಯೋ ಬದಲು ಜಟ್ಟಿಯಾಗಬಹುದು ಅಂದರು. ನಿನ್ನ ಅಣ್ಣ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಕತ್ತರಿ ಮಲಗಿದಲ್ಲಿಂದಲೇ, “ಡ್ರೈವರ್‌ನ ಬೈಬೇಡಿ, ಕುಲುಕಿದ್ದು ನಾನು” ಅಂದರು.

ಮನೆಗೆ ಬಂದಮೇಲೆ ಇವರದು ಒಂದೇ ಮಾತು. ಅಸಲಿ ಅವನದ್ದೇ ಇತ್ತು, ಅವನ ಪಾಲು ನಾನು ನುಂಗಿದೆ, ಅದಕ್ಕೇ ನಾನು ಮಹಡಿ ಹತ್ತುತ್ತಿದ್ದೇನೆ, ಅವನು ಮಲಗಿದ್ದಾನೆ, ಅಂತ. ತಟ್ಟೆ ಮುಟ್ಟಲಿಲ್ಲ. ಬೆಳಗಾದದ್ದೇ ತಡ, ಆಸ್ಪತ್ರೆಗೆ ಹೋಗಿ ಕತ್ತರಿಯ ಕಾಲಬಳಿ ಕೂತಿದ್ದಾರೆ.

ತಂಗಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಎಲ್ಲರೂ ಗಟ್ಟಿಯಾಗಿರಿ.

ಇಂತಿ,
ನಿನ್ನ ಅತ್ತಿಗೆ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರಮ್ಮನ ಫೋನ್ ಬಂತು. ಕತ್ತರಿಗೆ ಕವಾಟದ ಆಪರೇಷನ್ ಆಗಬೇಕು, ಅದಕ್ಕೇ ಯಾರಿಗೆ ಯಾವ ಮಾತ್ರೆ ಎಂಬ ಇಬ್ಬರ ಗುಟ್ಟನ್ನೂ ತೆರೆಸಿ ನೋಡಿದರಂತೆ. ಇಬ್ಬರದ್ದೂ ಔಷಧವಿಲ್ಲದ ಮಾತ್ರೆ. ಅರ್ಧ ಅಂದರೆ ಸೇರಿದ ಎಲ್ಲರಲ್ಲಿ ಅರ್ಧವಂತೆ, ಅಕ್ಕಪಕ್ಕದ ಮಂಚದಲ್ಲಿ ಅಲ್ಲವಂತೆ. ನಿಮ್ಮ ಯಜಮಾನರಿಗೆ ನೀವು ಹೇಳ್ತೀರಾ, ನಾನು ಹೇಳಲಾ ಅಂತ ಕೇಳಿದರು. ನಾನೇ ಅಂದೆ. ಹೇಳಿದರೆ ಗೆಳೆಯನ ಪಾಲು ನುಂಗಿದೆನೆಂಬ ಭಾರ ಇಳಿಯುತ್ತೆ, ಮಹಡಿ ಹತ್ತಿಸುತ್ತಿದ್ದ ಧೈರ್ಯವೂ ಜೊತೆಗೇ ಇಳಿಯುತ್ತೆ. ಈಗಲೇ ಹೊರಟಿದ್ದೇನೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ನಿನ್ನ ಕೈಬರಹ ಕಂಡರೆ ಅವರಿಗೆ ಜೀವ ಬರುತ್ತೆ, ತಕ್ಷಣ ಬರೆ. ಒಂದೇ ಕಾಗದ ಸಾಕು, ಹೇಗೂ ಇಬ್ಬರೂ ಹಂಚಿಕೊಂಡೇ ಓದೋದು.