ಚೀಟಿಯಿಂದ ನಾನು ತೆಗೆದ ಒಂದು ಸಾಲು

ಸರ್ಕಾರಿ ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ಒಂದು ಸಾಲು ಇಲ್ಲ: ‘ಜ್ವರ ಬಂದು ಎಷ್ಟು ದಿನವಾಯಿತು?’ ಹೋದ ವರ್ಷದವರೆಗೂ ಅದು ಇತ್ತು. ತೆಗೆಸಿದವರು ನೀವು, ತೆಗೆದವನು ನಾನು. ಆ ಸಾಲಿಲ್ಲದ ಚೀಟಿ ಹಿಡಿದು ನಿಮ್ಮಲ್ಲಿಗೆ ಬಂದ ನನ್ನ ತಂಗಿ ಮೂರನೆಯ ದಿನ ತೀರಿಕೊಂಡಳು.

ನಾನು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಪ್ರೆಸ್ಸು ಇಟ್ಟುಕೊಂಡವನು. ನಿಮ್ಮ ಚೀಟಿ, ರಸೀದಿ, ರಿಜಿಸ್ಟರುಗಳೆಲ್ಲ ಅಚ್ಚಾಗುವುದು ನಮ್ಮಲ್ಲೇ. ತಾವು ಅಧಿಕಾರ ವಹಿಸಿಕೊಂಡ ಮೇಲೆ ಚೀಟಿಯ ನೆತ್ತಿಯಲ್ಲಿ ಒಂದು ಘೋಷವಾಕ್ಯವೂ ತಮ್ಮ ಹುದ್ದೆಯ ಪೂರ್ಣ ಬಿರುದೂ ದಪ್ಪಕ್ಷರದಲ್ಲಿ ಬರಬೇಕೆಂದು ಅಪ್ಪಣೆಯಾಯಿತು. ಕಾಗದ ಅದೇ ಅರ್ಧ ಹಾಳೆ, ಬಿರುದು ಮಾತ್ರ ಎರಡು ಸಾಲು. ನಿಮ್ಮ ಗುಮಾಸ್ತರು ನನ್ನ ಮೇಜಿನ ಪಕ್ಕ ಕೂತು, “ಕೆಳಗಡೆ ಏನಾದ್ರೂ ಒಂದು ಸಾಲು ಕಿತ್ತಾಕಿ ಮಾರಾಯ್ರೆ, ಅದನ್ನೆಲ್ಲ ಯಾರು ತುಂಬ್ತಾರೆ?” ಎಂದರು. ತಂದೆಯ ಹೆಸರು, ಉದ್ಯೋಗ, ವಾರ್ಡು, ಗುರುತಿನ ಚೀಟಿಯ ಸಂಖ್ಯೆ ಇವೆಲ್ಲ ಸರ್ಕಾರಕ್ಕೆ ಬೇಕಾದವು. ಜ್ವರದ ದಿನ ಯಾರಿಗೆ ಬೇಕು? ಕಿತ್ತುಹಾಕಿದೆ.

ಬೈಂಡಿಂಗ್ ಮಾಡುತ್ತಿದ್ದವಳು, ಕರಡು ಓದುತ್ತಿದ್ದವಳು ನನ್ನ ತಂಗಿಯೇ. ಅವಳಿಗೆ ತಪ್ಪು ಹುಡುಕುವುದೆಂದರೆ ಹಬ್ಬ. “ಅಣ್ಣಾ, ಇದನ್ಯಾಕೆ ತೆಗೆದೆ? ಯಾವ ಡಾಕ್ಟರ ಹತ್ರ ಹೋದ್ರೂ ಮೊದಲು ಕೇಳೋದೇ ಇದನ್ನಲ್ವಾ?” ಎಂದಳು. “ದೊಡ್ಡವರು ಹೇಳಿದಾರೆ. ನೀನ್ಯಾಕೆ ಮೂಗು ತೂರಿಸ್ತೀಯ?” ಎಂದು ಗದರಿದೆ. ತಾವು ಕರಡಿನ ಮೇಲೆ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿ ಕಳಿಸಿದಿರಿ. ನೂರು ಹಾಳೆಗೊಂದು ಪುಸ್ತಕದಂತೆ ಅವಳೇ ಅಂಟು ಹಚ್ಚಿ ಕಟ್ಟಿದಳು.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ಗೆ ಡೆಂಗಿಯಾಗಿ ಎರಡು ವಾರ ಕಳೆದಿರಲಿಲ್ಲ, ಒಂದು ಸೋಮವಾರ ಇವಳಿಗೆ ಜ್ವರ ಏರಿತು. “ಕಣ್ಣಿನ ಹಿಂದೆ ಯಾರೋ ಹೆಬ್ಬೆಟ್ಟಿಟ್ಟು ಒತ್ತಿದ ಹಾಗಾಗ್ತಿದೆ ಕಣೋ. ಮೈಯಂತೂ ನಿನ್ನ ಕಟಿಂಗ್ ಮಷೀನಿಗೆ ಸಿಕ್ಕ ಹಾಗಿದೆ” ಎಂದು ನರಳುತ್ತಲೇ ನಗಿಸಿದಳು. ಈ ಜ್ವರ ಕೆಮ್ಮಿದರೆ, ಮುಟ್ಟಿದರೆ ಹರಡುವುದಲ್ಲ. ಆದರೂ ನೆರೆಯವರು ಅವಳು ಕುಡಿದ ಲೋಟವನ್ನು ದೂರ ಇಟ್ಟರು. ದೂರ ಇಡಬೇಕಾಗಿದ್ದುದು ಹಗಲು ಹೊತ್ತು ಕಚ್ಚುವ ಸೊಳ್ಳೆಯನ್ನು. ಅದು ಹುಟ್ಟಿದ್ದು ಎಲ್ಲೋ ಚರಂಡಿಯಲ್ಲೂ ಅಲ್ಲ, ನಮ್ಮ ಪ್ರೆಸ್ಸಿನ ಹಿತ್ತಲಲ್ಲಿ ಕೈ ತೊಳೆಯಲು ತುಂಬಿಟ್ಟ ಡ್ರಮ್ಮಿನ ತಿಳಿನೀರಿನಲ್ಲಿ. ಆಮೇಲೆ ನೋಡಿದರೆ ಮರಿಹುಳುಗಳು ಕುಣಿಯುತ್ತಿದ್ದವು. ಅದೂ ನನ್ನ ತಪ್ಪೇ, ಒಪ್ಪಿಕೊಂಡೆ.

ಆಸ್ಪತ್ರೆಗೆ ಕರೆತಂದದ್ದು ಶನಿವಾರ, ಜ್ವರದ ಆರನೆಯ ದಿನ. ಅಷ್ಟು ದಿನ ಮಾತ್ರೆ ನುಂಗಿಸಿಕೊಂಡು ಕೂತದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತೇನೆ. ಕೌಂಟರಿನವರು ಚೀಟಿಯಲ್ಲಿದ್ದುದನ್ನೆಲ್ಲ ಕೇಳಿದರು, ಇಲ್ಲದ್ದನ್ನು ಕೇಳಲಿಲ್ಲ. ಲ್ಯಾಬಿನವರು ಮೊದಲ ಐದು ದಿನಕ್ಕೆ ಸರಿಯಾದ, ರಕ್ತದಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಪರೀಕ್ಷೆ ಮಾಡಿದರು. ಆರನೆಯ ದಿನಕ್ಕೆ ಆ ಅಂಶ ಕರಗುತ್ತಾ ಬಂದಿರುತ್ತದಂತೆ. ಆಗ ಹುಡುಕಬೇಕಾದದ್ದು ವೈರಸ್ಸಿನ ವಿರುದ್ಧ ಮೈ ತಾನೇ ತಯಾರಿಸಿಕೊಂಡ ಪ್ರತಿಕಾಯವನ್ನು. ವರದಿಯ ಮೇಲೆ ‘ಡೆಂಗಿ ಇಲ್ಲ’ ಎಂದು ಮೊಹರು ಬಿತ್ತು. ಎದುರಿಗೆ ನೂರು ಜನರ ಸಾಲು ನಿಂತಿದ್ದ ಡಾಕ್ಟರು ಮೊಹರು ನೋಡಿದರು. ಅಷ್ಟರಲ್ಲಿ ಜ್ವರವೂ ಇಳಿದಿತ್ತು. ಮನೆಗೆ ಹೋಗಿ ಎಂದರು.

“ನೋಡಿದ್ಯಾ, ಸುಮ್ನೆ ಹೆದರ್ಕೊಂಡೆ” ಎಂದು ದಾರಿಯಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. ಭಾನುವಾರ ಹೊಟ್ಟೆನೋವು ಎಂದಳು, ಎರಡು ಮೂರು ಸಲ ವಾಂತಿಯಾಯಿತು. ಅಂಗೈ ತಣ್ಣಗಿತ್ತು. ಅಯ್ಯೋ, ತಣ್ಣಗಿದೆ, ಜ್ವರ ಪೂರ್ತಿ ಬಿಟ್ಟಿದೆ ಎಂದು ಸಂತೋಷಪಟ್ಟವನು ನಾನು! ಈ ಕಾಯಿಲೆಯಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು ಎಂದು ನಮಗೆ ಯಾರು ಹೇಳಿದ್ದರು ಸ್ವಾಮಿ? ಸೋಮವಾರ ಬೆಳಿಗ್ಗೆ ಎತ್ತಿಕೊಂಡು ಓಡಿಬಂದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಹದಿನೈದು ದಿನದ ಮೇಲೆ ಲ್ಯಾಬಿನ ಹೆಣ್ಣುಮಗಳೊಬ್ಬಳು ಪ್ರೆಸ್ಸಿಗೆ ಬಂದಳು. “ಎಷ್ಟನೇ ದಿನ ಅಂತ ಬರೆದಿದ್ರೆ ನಾನು ಆ ಒಂದೇ ಪರೀಕ್ಷೆಗೆ ನಿಲ್ಲಿಸ್ತಿರಲಿಲ್ಲ ಅಣ್ಣಾ. ಹಳೇ ಚೀಟೀಲಿ ಮೊದಲು ನೋಡ್ತಿದ್ದಿದ್ದೇ ಆ ಸಾಲು” ಎಂದು ಅತ್ತಳು. ಅದನ್ನು ತೆಗೆದವನು ನಾನೇ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳನ್ನು ದಯವಿಟ್ಟು ಹುಡುಕಿ ಶಿಕ್ಷಿಸಬೇಡಿ. ಇಡೀ ಆಸ್ಪತ್ರೆಯಲ್ಲಿ ನಮಗಾಗಿ ಅತ್ತವಳು ಅವಳೊಬ್ಬಳೇ.

ನನ್ನ ದೂರಿಗೆ ತಮ್ಮ ಕಚೇರಿಯಿಂದ ಉತ್ತರ ಬಂದಿದೆ: ‘ಪ್ರಯೋಗಾಲಯದ ವರದಿಯಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ.’ ನಿಜ, ಎಳ್ಳಷ್ಟೂ ಲೋಪವಿಲ್ಲ. ಪರೀಕ್ಷೆ ತನ್ನನ್ನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಕಾಗದದ ಮಟ್ಟಿಗೆ ನನ್ನ ತಂಗಿ ಪೂರ್ಣ ಆರೋಗ್ಯವಂತೆಯಾಗಿಯೇ ಸತ್ತಿದ್ದಾಳೆ. ಇಷ್ಟು ಶುದ್ಧವಾದ ಕಡತವನ್ನು ಇಟ್ಟುಕೊಂಡು ತಮಗೆ ಹೇಗೆ ನಿದ್ದೆ ಬರುತ್ತದೆ?

ಹೋದ ವಾರ ಹತ್ತು ಸಾವಿರ ಚೀಟಿಗೆ ಆದೇಶ ಬಂದಿದೆ, ‘ಹಿಂದಿನಂತೆಯೇ’ ಎಂಬ ಷರಾ ಸಹಿತ. ಹಿಂದಿನಂತೆ ನಾನು ಅಚ್ಚು ಹಾಕುವುದಿಲ್ಲ. ತಮ್ಮ ಬಿರುದನ್ನು ಒಂದು ಸಾಲಿಗೆ ಇಳಿಸಿ ಜ್ವರದ ದಿನದ ಸಾಲನ್ನು ಸೇರಿಸಿದ ಕರಡು ತಮ್ಮ ಮೇಜಿನ ಮೇಲಿದೆ. ಅದು ಅಚ್ಚಾಗುವವರೆಗೆ ಕೌಂಟರಿನವರು ಪ್ರತಿಯೊಬ್ಬರನ್ನೂ ಬಾಯಲ್ಲೇ ಕೇಳಿ ಪೆನ್ನಿನಲ್ಲಿ ಬರೆಯಲಿ. ಜ್ವರ ಬಿಟ್ಟ ಮೇಲೂ ಹೊಟ್ಟೆನೋವು, ವಾಂತಿ, ತಣ್ಣಗಾದ ಕೈಕಾಲು ಕಂಡರೆ ಕೂಡಲೇ ಬನ್ನಿ ಎಂದು ಚೀಟಿಯ ಬೆನ್ನಿಗೆ ಹಾಕಿ. ಬೆನ್ನು ಖಾಲಿಯೇ ಇದೆ.

ಇನ್ನೊಂದು ಕೆಲಸ ತಾವೇ ಖುದ್ದಾಗಿ ಮಾಡಬೇಕು. ನಮ್ಮಮ್ಮ ದಿನವೂ ಕೇಳುತ್ತಾಳೆ: “ಜ್ವರ ಬಿಟ್ಟಿತ್ತಲ್ಲೋ, ರಿಪೋರ್ಟಲ್ಲೂ ಏನಿಲ್ಲ ಅಂದಿದ್ರಲ್ಲೋ, ಮತ್ತೆ ಹೆಂಗೋ ಹೋದ್ಲು?” ಇಷ್ಟು ದಿನ ಹಣೆಬರಹ ಎಂದು ತಪ್ಪಿಸಿಕೊಂಡೆ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಅದು ಅಲ್ಲಿ ಬಂದ ದಿನ ಅವಳ ಎದುರು ಕೂತು ನನ್ನ ಪಾಲಿನದನ್ನು ಹೇಳುತ್ತೇನೆ. ತಮ್ಮ ಪಾಲಿನದನ್ನು ತಾವೇ ಬಂದು ಹೇಳಿ. ಅವಳಿಗೆ ಕಿವಿ ಸ್ವಲ್ಪ ಮಂದ, ಹತ್ತಿರ ಕೂತು ಹೇಳಬೇಕಾಗುತ್ತದೆ.

ಇಂತಿ,
ತಂಗಿಯ ಮಾತು ಕೇಳದೆ ನಿಮ್ಮ ಮಾತು ಕೇಳಿದ
ಒಬ್ಬ ಮುದ್ರಕ