ರಸ್ತೆಗೆ ಎದ್ದು ಕಾಣುವ ಕೋಣೆ

ಮಾನ್ಯ ಕೌಂಟಿ ಯೋಜನಾಧಿಕಾರಿಗಳೇ,

ತಪ್ಪು ನಮ್ಮದೇ. ಅನುಮತಿ ಕೇಳದೆ ಮನೆಯ ಮುಂದೆ ಒಂದು ಕೋಣೆ ಕಟ್ಟಿದೆವು. ಕಟ್ಟಿದ ಮೇಲೆ ಕೇಳಿದೆವು, ತಾವು ಕೊಡಲಿಲ್ಲ. ಆರು ತಿಂಗಳೊಳಗೆ ಕೆಡವಬೇಕಂತೆ. ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ: 'ಕಟ್ಟಡವು ರಸ್ತೆಗೆ ಅನಗತ್ಯವಾಗಿ ಎದ್ದು ಕಾಣುತ್ತದೆ.' ಓದಿ ನನಗೆ ಸಿಟ್ಟೂ ಬರಲಿಲ್ಲ. ಪತ್ರ ಮಡಚಿಟ್ಟು ಚಹಾಕ್ಕೆ ನೀರಿಟ್ಟೆ. ಈಚೆಗೆ ಯಾವುದಕ್ಕೂ ಏನೂ ಅನ್ನಿಸುವುದಿಲ್ಲ.

ಹಿಂದುಗಡೆ ಕಟ್ಟಿದ್ದರೆ ಅನುಮತಿಯೇ ಬೇಕಿರಲಿಲ್ಲ ಎಂದು ತಮ್ಮ ಗುಮಾಸ್ತರು ದಯೆತೋರಿ ತಿಳಿಸಿದರು. ಅದು ನಮಗೂ ಗೊತ್ತಿತ್ತು. ನನ್ನ ಹೆಂಡತಿ ಅಟ್ರ್ಯಾಕ್ಟಾ ಮೂವತ್ತು ವರ್ಷ ಈ ರಸ್ತೆಯಲ್ಲಿ ಅಂಚೆ ಹಂಚಿದವಳು. ನರಗಳ ಕಾಯಿಲೆಗೆ ಕಾಲು ಹೋಯಿತು, ಕೈ ಹೋಯಿತು. ಮಾತು ಹೋಗುವ ಮುಂಚೆ ಅವಳು ಕೇಳಿದ್ದು ಇದೊಂದೇ.

"ನನ್ನನ್ನ ಹಿಂದ್ಗಡೆ ಹಾಕ್ಬೇಡ ಕಣೋ ಮ್ಯಾಲಕಿ. ಅಲ್ಲಿ ಕೆಸರು, ನಿನ್ ಕುರಿಗಳ ಮುಖ, ಅಷ್ಟೇ. ನಂಗೆ ರಸ್ತೆ ಬೇಕು."

ಅವಳ ತಮ್ಮ ಫಿಂಟನ್ ಗಾರೆ ಕೆಲಸದವನು. "ಪರ್ಮಿಶನ್ ಕಾಗದ ಬರೋ ಹೊತ್ಗೆ ಅಕ್ಕ ಇರ್ತಾಳಾ ಭಾವ? ಮೊದ್ಲು ಗೋಡೆ ಎಬ್ಸೋಣ" ಎಂದ. ಹನ್ನೊಂದು ವಾರದಲ್ಲಿ ಎಬ್ಬಿಸಿದ. ಅಕ್ಕ ಇದ್ದಾಳೆ. ಕಾಗದವೇ ಬರಲಿಲ್ಲ.

ನಮ್ಮ ಕಡೆ ಕಾರು ಓಡಿಸುವವರು ಎದುರಾದವರಿಗೆಲ್ಲ ಸ್ಟಿಯರಿಂಗ್ ಮೇಲಿಂದ ತೋರುಬೆರಳು ಎತ್ತಿ ನಮಸ್ಕಾರ ಹೇಳುವುದು ತಮಗೂ ರೂಢಿಯೇ. ಈಗ ದಾಟುವವರು ಅವಳು ಮಲಗಿರುವ ಕೋಣೆಯ ಕಿಟಕಿಗೂ ಎತ್ತುತ್ತಾರೆ: ಹಾಲಿನ ಲಾರಿಯವನು, ಶಾಲೆ ಬಸ್ಸಿನವಳು, ಪಾದ್ರಿ. ಅಟ್ರ್ಯಾಕ್ಟಾಳ ಮೈಯಲ್ಲಿ ಇನ್ನೂ ಅಲ್ಲಾಡುವುದು ಬಲಗೈಯ ಅದೊಂದು ಬೆರಳು. ಒಬ್ಬರನ್ನೂ ಬಿಡದೆ ಎತ್ತುತ್ತಾಳೆ. ಎದ್ದು ಕಾಣುತ್ತದೆ ಎಂದಿರಲ್ಲ, ಕಾಣಲೆಂದೇ ಕಟ್ಟಿದ್ದು ಮಾನ್ಯರೇ. 'ಅನಗತ್ಯ' ಎಂಬುದನ್ನು ಯಾವ ಟೇಪು ಹಿಡಿದು ಅಳೆದಿರಿ?

ತಪಾಸಣೆಗೆ ತಾವೇ ಬಂದಿದ್ದಿರಿ. ಗೇಟಿನಲ್ಲಿ ಕಾರು ತಿರುಗಿಸುವಾಗ ಅಭ್ಯಾಸಬಲದಿಂದ ತಾವೂ ಬೆರಳೆತ್ತಿದಿರಿ. ಅವಳು ಮರಳಿ ಎತ್ತಿದಳು. ತಮ್ಮ ವರದಿಯಲ್ಲಿ ಕಿಟಕಿಯ ಅಗಲ ಇದೆ, ಗೋಡೆ ಎಷ್ಟು ಮುಂದೆ ಬಂದಿದೆ ಎಂಬುದೂ ಇದೆ. ಇದನ್ನು ಬರೆಯಲು ಮರೆತಿದ್ದೀರಿ.

ನನ್ನ ಬೇಡಿಕೆ ಇಷ್ಟೇ: ಅವಳಿರುವವರೆಗೆ ಕೋಣೆ ಇರಲಿ. ಆಮೇಲೆ ಫಿಂಟನ್ ಮತ್ತು ನಾನೇ ಕೆಡವುತ್ತೇವೆ. ಆಗದು ಎಂದರೆ ಯಂತ್ರ ಕಳಿಸಿ, ನಾನು ಅಡ್ಡ ನಿಲ್ಲುವುದಿಲ್ಲ, ಅಷ್ಟು ಕಸುವಿಲ್ಲ. ಚಾಲಕನಿಗೆ ಒಂದು ಮಾತು ಮಾತ್ರ ಹೇಳಿ ಕಳಿಸಿ: ಗೇಟಿನೊಳಗೆ ಬರುವಾಗ ಬೆರಳೆತ್ತಬಾರದು. ಎತ್ತಿದರೆ ಅವಳು ಅವನಿಗೂ ಎತ್ತುತ್ತಾಳೆ.

ಇಂತಿ,
ಅನಗತ್ಯವಾಗಿ ಎದ್ದು ಕಾಣುವ ಮನೆಯ
ಮ್ಯಾಲಕಿ ಟಿಯರ್ನನ್
ಪಶ್ಚಿಮ ಐರ್ಲೆಂಡ್